ತಾಯ ಮಗ್ಗುಲಿನ ಕೂಸು

ಸೊಲೊಮನ್ ದೊರೆಯ ನ್ಯಾಯದ ಕತೆಯನ್ನು ಕೇಳದವರು ಕಡಿಮೆ. ಒಂದೇ ಮನೆಯಲ್ಲಿದ್ದ ಇಬ್ಬರು ಹೆಂಗಸರಿಗೆ ಮೂರು ದಿನಗಳ ಅಂತರದಲ್ಲಿ ಎರಡು ಗಂಡುಮಕ್ಕಳು. ಅವುಗಳಲ್ಲಿ ಒಂದು ಸತ್ತಿದೆ, ಒಂದು ಉಳಿದಿದೆ. ಉಳಿದದ್ದು ತನ್ನದೆಂದು ಇಬ್ಬರೂ ಹಟ ಹಿಡಿದಿದ್ದಾರೆ. ಮಗುವನ್ನು ಕತ್ತಿಯಿಂದ ಎರಡು ಹೋಳು ಮಾಡಿ ಹಂಚಿರೆಂದು ದೊರೆ ಅಪ್ಪಣೆ ಕೊಟ್ಟದ್ದು, ಹೆತ್ತ ಕರುಳು ಚುರುಕ್ಕೆಂದದ್ದು, ಮಗು ನಿಜವಾದ ತಾಯಿಯ ಕೈ ಸೇರಿದ್ದು ನಮಗೆಲ್ಲ ನೆನಪಿದೆ. ನೆನಪಿಲ್ಲದ್ದು ಇನ್ನೊಂದು ಮಗು ಸತ್ತದ್ದು ಹೇಗೆ ಎಂಬುದು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ, ಅರಸರ ಚರಿತ್ರೆಯ ಮೊದಲ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ಅದರ ಕಾರಣವೂ ಇದೆ. ರಾತ್ರಿ ನಿದ್ದೆಯಲ್ಲಿ ತಾಯಿ ಮಗುವಿನ ಮೇಲೆ ಹೊರಳಿದ್ದಳು.

ಇದನ್ನೇ ಹೋಲುವ ಕತೆ ನಮ್ಮ ಬೌದ್ಧ ಜಾತಕಗಳಲ್ಲೂ ಉಂಟು. ಮಹಾಉಮ್ಮಗ್ಗ ಜಾತಕದಲ್ಲಿ ನ್ಯಾಯ ಹೇಳುವವನು ಮಹೋಸಧ. ಗೆರೆ ಎಳೆದು, ಮಗುವನ್ನು ನಡುವೆ ಮಲಗಿಸಿ, ಇಬ್ಬರೂ ಎಳೆಯಿರಿ ಎನ್ನುತ್ತಾನೆ. ಮಗು ಅತ್ತಾಗ ಕೈ ಬಿಟ್ಟವಳೇ ತಾಯಿ. ಆದರೆ ಅಲ್ಲಿ ಯಾವ ಮಗುವೂ ಸತ್ತಿಲ್ಲ. ಕೊಳದಲ್ಲಿ ಮುಖ ತೊಳೆಯಲು ಬಂದ ಹೆಂಗಸಿನ ಕೂಸನ್ನು ತಿನ್ನುವ ಆಸೆಯಿಂದ ಎತ್ತಿಕೊಂಡು ಹೊರಟ ಯಕ್ಷಿಣಿಯೇ ಅಲ್ಲಿಯ ಎದುರಾಳಿ. ಒಂದು ಕತೆಯಲ್ಲಿ ಭಯ ಹೊರಗಿನಿಂದ ಬರುತ್ತದೆ, ಇನ್ನೊಂದರಲ್ಲಿ ಹಾಸಿಗೆಯೊಳಗೇ ಇದೆ. ಇಷ್ಟನ್ನೇ ಹಿಡಿದು ನಮ್ಮ ದೇಶದಲ್ಲಿ ಯಾವ ಕೂಸೂ ತಾಯಿಯ ಮೈಯಡಿಗೆ ಸಿಕ್ಕಿರಲಿಲ್ಲ ಎಂದು ಹೇಳಹೊರಟರೆ ಅದು ಮೂರ್ಖತನವಾದೀತು. ಆದರೆ ತಾಯಿ ಮಗು ಒಟ್ಟಿಗೆ ಮಲಗುವ ವಿಚಾರದಲ್ಲಿ ಪಶ್ಚಿಮಕ್ಕೆ ಒಂದು ಹಳೆಯ ಭಯವಿದೆ, ನಮಗೆ ಒಂದು ಹಳೆಯ ನಿಶ್ಚಿಂತೆಯಿದೆ ಎಂಬುದು ನಿಜ. ಎರಡನ್ನೂ ಸ್ವಲ್ಪ ಕೆದಕಿ ನೋಡಬೇಕಾದ ಕಾಲ ಇದು. ಏಕೆಂದರೆ ನಮ್ಮ ಹಾಸಿಗೆಗಳೇ ಈಗ ಬದಲಾಗಿವೆ.

ಮಧ್ಯಯುಗದ ಯೂರೋಪಿನಲ್ಲಿ ಕೂಸಿನ ಮೇಲೆ ಹೊರಳಿದ ತಾಯಿಗೆ ಚರ್ಚು ಪ್ರಾಯಶ್ಚಿತ್ತ ವಿಧಿಸುತ್ತಿತ್ತು. ಎಳೆಗೂಸನ್ನು ಹಾಸಿಗೆಯಲ್ಲಿ ಮಲಗಿಸಿಕೊಳ್ಳಬಾರದೆಂದು ಬಿಷಪ್ಪರು ಮತ್ತೆ ಮತ್ತೆ ಕಟ್ಟಳೆ ಹೊರಡಿಸುತ್ತಿದ್ದರು. ಮತ್ತೆ ಮತ್ತೆ ಹೊರಡಿಸಬೇಕಾಯಿತೆಂದರೆ ಯಾರೂ ಕೇಳುತ್ತಿರಲಿಲ್ಲ ಎಂದೇ ಅರ್ಥ. ಚಳಿಗಾಲದಲ್ಲಿ ಬೆಂಕಿಯಿಲ್ಲದ ಮನೆ, ಇರುವುದೊಂದು ಹಾಸಿಗೆ, ರಾತ್ರಿಯೆಲ್ಲ ಮೊಲೆ ಹುಡುಕುವ ಮಗು. ಹೀಗಿದ್ದಾಗ ತಾಯಿ ಬೇರೇನು ಮಾಡಿಯಾಳು? ಈ ಕಟ್ಟಳೆಗಳ ಹಿಂದೆ ಇನ್ನೊಂದು ಸಂಶಯವೂ ಇತ್ತು. ಹೊಟ್ಟೆಗಿಲ್ಲದ ಮನೆಯಲ್ಲಿ, ಇಲ್ಲವೇ ಮದುವೆಯಾಗದವಳ ಮಡಿಲಲ್ಲಿ ಸತ್ತ ಕೂಸು ಆಕಸ್ಮಿಕವಾಗಿ ಸತ್ತಿತೋ, ಬೇಕೆಂದೇ ಸಾಯಿಸಲಾಯಿತೋ? ಕತ್ತಲೆಯಲ್ಲಿ ನಡೆದದ್ದಕ್ಕೆ ಸಾಕ್ಷಿಯಿಲ್ಲ. ಹಾಗಾಗಿ ಮಗು ಕಳೆದುಕೊಂಡವಳೇ ಆರೋಪಿಯೂ ಆದಳು. ಶತಮಾನಗಳು ಕಳೆದರೂ ಈ ನೆರಳು ಆ ಹಾಸಿಗೆಯನ್ನು ಬಿಟ್ಟು ಹೋಗಿಲ್ಲ.

ಇಟಲಿಯ ಫ್ಲಾರೆನ್ಸ್ ನಗರದವರು ಮಾತ್ರ ಶಾಪ ಹಾಕುತ್ತ ಕೂರದೆ ಬಡಗಿಯನ್ನು ಕರೆದರು. ಅಲ್ಲಿ ‘ಅರ್ಕೂಚ್ಚೊ’ ಎಂಬ ಒಂದು ಸಾಧನ ಬಳಕೆಯಲ್ಲಿತ್ತು. ಹೆಸರಿನ ಅರ್ಥ ಚಿಕ್ಕ ಕಮಾನು ಎಂದು. 1730ರ ದಶಕದ ಆರಂಭದಲ್ಲಿ ಆಲಿವರ್ ಸೇಂಟ್ ಜಾನ್ ಎಂಬ ಆಂಗ್ಲರು ಅದರ ಚಿತ್ರ ಬರೆದು ಕಳಿಸಿದರು. ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆ ಅದನ್ನು ಪ್ರಕಟಿಸಿತು. ಮೂರಡಿಗಿಂತ ತುಸು ಉದ್ದದ ಮರದ ಚೌಕಟ್ಟು. ತಲೆಯ ಕಡೆ ಒಂದು ಹಲಗೆ. ಮೇಲೆ ಮಗುವಿನ ಉದ್ದಕ್ಕೂ ಹಾಯುವ ಒಂದು ಪಟ್ಟಿ. ಆ ಪಟ್ಟಿಗೆ ಆಸರೆಯಾಗಿ ಕಬ್ಬಿಣದ ಒಂದು ಸಣ್ಣ ಕಮಾನು. ಮಗುವನ್ನು ಒಳಗೆ ಮಲಗಿಸಿ ಇಡಿಯ ಸಾಧನವನ್ನೇ ಹಾಸಿಗೆಯ ಮೇಲೆ, ಹಾಲೂಡಿಸುವವಳ ಪಕ್ಕದಲ್ಲಿ ಇಡುವುದು. ಹೊದಿಕೆ ಪಟ್ಟಿಯ ಮೇಲೆ ನಿಲ್ಲುತ್ತದೆ, ಮಗುವಿನ ಮೋರೆಯ ಮೇಲೆ ಬೀಳುವುದಿಲ್ಲ. ನಿದ್ದೆಯಲ್ಲಿ ಹೊರಳಿದವಳ ಭಾರವನ್ನು ಮರ ತಾಳುತ್ತದೆ. ಪಕ್ಕದ ಹಲಗೆಯಲ್ಲಿ ಅರ್ಧಚಂದ್ರಾಕಾರದ ಕಚ್ಚು ಕತ್ತರಿಸಿದ್ದಾರೆ. ಅಲ್ಲಿಂದ ಮೊಲೆಯೂಡಿಸಬಹುದು! ಮಗುವನ್ನು ಈ ಸಾಧನದೊಳಗೆ ಇಡದೆ ಹಾಸಿಗೆಗೆ ತಂದುಕೊಂಡ ದಾದಿಗೆ ಮತಬಹಿಷ್ಕಾರದ ಶಿಕ್ಷೆಯಿತ್ತೆಂದೂ ಸೇಂಟ್ ಜಾನ್ ಬರೆದಿದ್ದಾರೆ. ಶಿಕ್ಷೆಯ ಮಾತನ್ನು ಪಕ್ಕಕ್ಕಿಟ್ಟು ಆ ಬಡಗಿಯ ಬುದ್ಧಿಯನ್ನು ನೋಡಿ. ತಾಯಿಯ ಮಗ್ಗುಲಿನಿಂದ ಮಗುವನ್ನು ಆತ ಕಿತ್ತುಕೊಳ್ಳಲಿಲ್ಲ. ಆ ಮಗ್ಗುಲಲ್ಲೇ ಮಗುವಿಗೆಂದು ಒಂದು ಗಟ್ಟಿ ಜಾಗ ಮಾಡಿಕೊಟ್ಟ.

ಹತ್ತೊಂಬತ್ತನೆಯ ಶತಮಾನದ ಬ್ರಿಟನ್ ಈ ದಾರಿ ಹಿಡಿಯಲಿಲ್ಲ. ಸ್ಕಾಟ್ಲೆಂಡಿನ ಡಂಡೀ ನಮ್ಮ ದೇಶದ ಸೆಣಬನ್ನು ನೇಯ್ದು ಬೆಳೆದ ಊರು. ಅಲ್ಲಿ ಪೊಲೀಸ್ ಸರ್ಜನ್ ಆಗಿದ್ದ ಟೆಂಪಲ್‌ಮನ್ 1892ರಲ್ಲಿ ಹಾಸಿಗೆಯಲ್ಲಿ ಉಸಿರುಕಟ್ಟಿ ಸತ್ತ 258 ಶಿಶುಗಳ ವಿವರವನ್ನು ಪ್ರಕಟಿಸಿದರು. ಉಳಿದ ರಾತ್ರಿಗಳಿಗಿಂತ ಶನಿವಾರ ರಾತ್ರಿ ಇಂಥ ಸಾವು ಬಹಳ ಹೆಚ್ಚು ಎಂಬುದು ಆ ಲೆಕ್ಕದಲ್ಲಿ ಎದ್ದು ಕಂಡ ಸಂಗತಿ. ಶನಿವಾರ ಕೂಲಿ ಬಟವಾಡೆಯಾಗುವ ದಿನ, ಕುಡಿತದ ದಿನ. ಅಜ್ಞಾನ, ಅಜಾಗರೂಕತೆ, ಕುಡಿತ, ಇಕ್ಕಟ್ಟಾದ ಮನೆಗಳು ಎಂದು ಅವರು ಕಾರಣಗಳನ್ನು ಸೇರಿಸಿಯೇ ಹೇಳಿದ್ದರು. 1908ರ ಮಕ್ಕಳ ಕಾಯಿದೆ ಅವುಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಂಡಿತು. ಕುಡಿದು ಮಲಗಿದವರ ಹಾಸಿಗೆಯಲ್ಲಿ ಮೂರು ವರ್ಷದೊಳಗಿನ ಮಗು ಉಸಿರುಕಟ್ಟಿ ಸತ್ತರೆ ಅದು ಅಪರಾಧ ಎಂದಾಯಿತು. ಒಂದು ಕೋಣೆಯಲ್ಲಿ ಒಂದೇ ಹಾಸಿಗೆ ಹಾಸಿ ಐದಾರು ಮಂದಿ ಮಲಗುವ ಸ್ಥಿತಿಯ ಬಗ್ಗೆ ಕಾಯಿದೆಯಲ್ಲಿ ಮಾತಿಲ್ಲ. ಕಾಯಿದೆಗಳು ಸಾಮಾನ್ಯವಾಗಿ ಹೀಗೆಯೇ.

ಅಷ್ಟರಲ್ಲಿ ಮಕ್ಕಳ ವೈದ್ಯರು ಎಂಬ ಹೊಸ ಪಂಗಡ ಹುಟ್ಟಿಕೊಂಡಿತ್ತು. ಅಮೆರಿಕದ ಎಮ್ಮೆಟ್ ಹೋಲ್ಟ್ 1894ರಲ್ಲಿ ತಾಯಂದಿರಿಗಾಗಿ ಪ್ರಶ್ನೋತ್ತರದ ಕೈಪಿಡಿಯೊಂದನ್ನು ಬರೆದರು. ಸಾಧ್ಯವಿದ್ದಷ್ಟೂ ಮಗು ತಾಯಿಯ ಹಾಸಿಗೆಯಲ್ಲಿ ಮಲಗಕೂಡದು ಎಂಬುದು ಅದರ ಉಪದೇಶ. ನ್ಯೂಜಿಲೆಂಡಿನಲ್ಲಿ ಟ್ರೂಬಿ ಕಿಂಗ್ ಎಂಬ ವೈದ್ಯರ ಮುಂದಾಳುತನದಲ್ಲಿ 1907ರಲ್ಲಿ ಪ್ಲಂಕೆಟ್ ಸಂಘ ಶುರುವಾಯಿತು. ನಾಲ್ಕು ಗಂಟೆಗೊಮ್ಮೆ ಹಾಲು, ರಾತ್ರಿ ಹಾಲಿಲ್ಲ, ಬೇಕಾದಷ್ಟು ಗಾಳಿ, ಮಗುವಿಗೆ ತನ್ನದೇ ಮಂಚ. ಗಡಿಯಾರ ನೋಡಿಕೊಂಡು ಮಗು ಸಾಕುವ ಈ ಶಾಸ್ತ್ರ ಇಂಗ್ಲಿಷ್ ಮಾತಾಡುವ ನಾಡುಗಳಲ್ಲೆಲ್ಲ ಹಬ್ಬಿತು. ಕಂಬಿ ಕಟ್ಟಿದ ಪುಟ್ಟ ಮಂಚ ನಾಗರಿಕತೆಯ ಗುರುತಾಯಿತು.

ಮಂಚ ಬಂದರೂ ಸಾವು ನಿಲ್ಲಲಿಲ್ಲ. ರಾತ್ರಿ ಚೆನ್ನಾಗಿದ್ದ ಮಗು ಬೆಳಗ್ಗೆ ತನ್ನ ಮಂಚದಲ್ಲಿ ತಣ್ಣಗೆ ಸಿಗುತ್ತಿತ್ತು. ಈ ಬಾರಿ ಮೇಲೆ ಹೊರಳಿದರೆಂದು ದೂರಲು ಪಕ್ಕದಲ್ಲಿ ಯಾರೂ ಇರಲಿಲ್ಲ. 1950ರ ದಶಕದಲ್ಲಿ ಇದಕ್ಕೆ ‘ತೊಟ್ಟಿಲ ಸಾವು’ ಎಂಬ ಹೆಸರು ಬಿತ್ತು. 1969ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಸೇರಿದ ತಜ್ಞರು ‘ಹಠಾತ್ ಶಿಶುಮರಣ’ ಎಂಬ ಶಾಸ್ತ್ರೀಯ ಹೆಸರನ್ನು ನಿಶ್ಚಯಿಸಿದರು. ಶವಪರೀಕ್ಷೆ ಮಾಡಿದರೂ ಕಾರಣ ತಿಳಿಯದ ಸಾವು ಎಂಬುದಷ್ಟೇ ಅದರ ಅರ್ಥ. ಎರಡರಿಂದ ನಾಲ್ಕು ತಿಂಗಳ ಕೂಸುಗಳಲ್ಲಿ ಇದು ಹೆಚ್ಚು. ಆರು ತಿಂಗಳು ದಾಟಿದರೆ ಬಹಳ ಕಡಿಮೆ.

ಮುಖ್ಯವಾದ ಒಂದು ಕಾರಣ ವೈದ್ಯರ ಸಲಹೆಯಲ್ಲೇ ಅಡಗಿತ್ತು. ವಾಂತಿಯಾದರೆ ಗಂಟಲಿಗೆ ಸಿಕ್ಕೀತೆಂಬ ಭಯದಿಂದ ಮಗುವನ್ನು ಬೋರಲು ಮಲಗಿಸಿ ಎಂದು 1950ರ ದಶಕದಿಂದ ಬೋಧಿಸುತ್ತ ಬಂದಿದ್ದರು. ಕೋಟಿಗಟ್ಟಲೆ ಪ್ರತಿ ಮಾರಾಟವಾದ ಡಾಕ್ಟರ್ ಸ್ಪಾಕ್ ಅವರ ಪುಸ್ತಕವೂ ಅದನ್ನೇ ಹೇಳುತ್ತಿತ್ತು. ಬೋರಲು ಮಲಗಿದ ಕೂಸು ಹಾಸಿಗೆಗೆ ಮೂಗು ಒತ್ತಿ, ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಮೈ ಕಾವೇರುತ್ತದೆ, ನಿದ್ದೆ ಅಪಾಯದಷ್ಟು ಗಾಢವಾಗುತ್ತದೆ. 1985ರಲ್ಲಿ ಡೇವಿಸ್ ಎಂಬ ವೈದ್ಯರು ಹಾಂಗ್‌ಕಾಂಗ್‌ನಿಂದ ಒಂದು ಲೇಖನ ಬರೆದರು. ಕಿಕ್ಕಿರಿದ ಆ ಊರಿನ ಕೋಣೆಗಳಲ್ಲಿ ದೊಡ್ಡವರ ನಡುವೆ ಅಂಗಾತ ಮಲಗುವ ಚೀನೀ ಕೂಸುಗಳಲ್ಲಿ ಇಂಥ ಸಾವು ಅಪರೂಪ ಎಂಬುದನ್ನು ಅದು ತೋರಿಸಿತು. 1991ರಲ್ಲಿ ನ್ಯೂಜಿಲೆಂಡ್ ಮತ್ತು ಬ್ರಿಟನ್ ‘ಮಗುವನ್ನು ಅಂಗಾತ ಮಲಗಿಸಿ’ ಎಂಬ ಪ್ರಚಾರ ಹೂಡಿದವು. 1994ರಲ್ಲಿ ಅಮೆರಿಕವೂ ಜೊತೆಗೂಡಿತು. ಕೆಲವೇ ವರ್ಷಗಳಲ್ಲಿ ಸಾವುಗಳು ಅರ್ಧದ ಆಸುಪಾಸಿಗೆ ಇಳಿದವು. 2005ರಲ್ಲಿ ಲಂಡನ್ನಿನ ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದರು. ಬೋರಲು ಮಲಗಿಸುವುದು ಅಪಾಯ ಎನ್ನಲು 1970ರ ವೇಳೆಗೇ ಸಾಕಷ್ಟು ಆಧಾರವಿತ್ತು. ಆಗಲೇ ಎಚ್ಚೆತ್ತಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯೂರೋಪು, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಕನಿಷ್ಠ 50,000 ಶಿಶುಗಳು ಉಳಿಯುತ್ತಿದ್ದವು ಎಂಬುದು ಅವರ ಲೆಕ್ಕ. ತಾಯಿಯ ಹಾಸಿಗೆಗೆ ಹೆದರಿ ಮಂಚ ಕೊಟ್ಟವರು ಆ ಮಂಚದಲ್ಲಿ ಮಗುವನ್ನು ತಲೆಕೆಳಗು ಮಾಡಿ ಮಲಗಿಸಿದಂತಾಯಿತು.

ಇಲ್ಲಿ ನ್ಯೂಜಿಲೆಂಡಿನ ಕತೆಯನ್ನು ತುಸು ವಿವರವಾಗಿ ಹೇಳಬೇಕು. 1980ರ ದಶಕದಲ್ಲಿ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ ಸುಮಾರು ನಾಲ್ಕು ಹೀಗೆ ಸಾಯುತ್ತಿದ್ದವು. ಮುಂದುವರಿದ ದೇಶಗಳಲ್ಲೇ ಅದು ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಒಂದು. ಅಲ್ಲಿನ ಮೂಲನಿವಾಸಿ ಮಾವೊರಿ ಜನರಲ್ಲಿ ಇನ್ನೂ ಹೆಚ್ಚು. 1987ರಿಂದ 1990ರವರೆಗೆ ನಡೆದ ದೊಡ್ಡ ಅಧ್ಯಯನವೊಂದು ಬೋರಲು ಮಲಗಿಸುವುದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಕಂಡಿತು. ತಾಯಿ ಧೂಮಪಾನ ಮಾಡುವವಳಾಗಿದ್ದರೆ, ಅವಳ ಹಾಸಿಗೆಯಲ್ಲಿ ಮಲಗಿದ ಮಗುವಿಗೆ ಅಪಾಯ ಬಹಳಷ್ಟು ಏರುತ್ತದೆ. ಹಾಸಿಗೆಯಲ್ಲಿ ಸಿಗರೇಟು ಸೇದಿದರೆ ಮಾತ್ರ ಎಂದಲ್ಲ. ಗರ್ಭದಲ್ಲಿದ್ದಾಗಲೇ ನಿಕೋಟಿನ್ ಉಂಡ ಕೂಸಿಗೆ ಉಸಿರು ಸಾಲದಾದಾಗ ತಟ್ಟನೆ ಎಚ್ಚೆತ್ತು ತಲೆ ಹೊರಳಿಸುವ ಶಕ್ತಿ ಕುಂದಿರುತ್ತದೆ. ಮಾವೊರಿ ಹೆಂಗಸರಲ್ಲಿ ಧೂಮಪಾನ ಬಹಳ ಹೆಚ್ಚಾಗಿತ್ತು. ತಂಬಾಕೇ ಗೊತ್ತಿರದಿದ್ದ ಆ ಜನಕ್ಕೆ ಅದನ್ನು ಕಲಿಸಿದವರು ಹಡಗಿನಲ್ಲಿ ಬಂದ ಯೂರೋಪಿನವರೇ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಆರೋಗ್ಯ ಇಲಾಖೆಯ ಸಂದೇಶ ಸರಳವಾಗಿತ್ತು: ಮಗುವನ್ನು ಹಾಸಿಗೆಗೆ ತರಬೇಡಿ. ಆದರೆ ಮಾವೊರಿ ಮನೆಗಳಲ್ಲಿ ಕೂಸನ್ನು ಒಂಟಿಯಾಗಿ ಮಲಗಿಸುವುದು ತಾಯ್ತನಕ್ಕೆ ಒಪ್ಪುವ ಮಾತಲ್ಲ. ಅವರು ತಲೆಯಾಡಿಸಿ ಮನೆಗೆ ಹೋಗಿ ಎಂದಿನಂತೆಯೇ ಮಲಗಿದರು. ಉಳಿದವರಲ್ಲಿ ಸಾವು ಕಡಿಮೆಯಾದಷ್ಟು ಅವರಲ್ಲಿ ಆಗಲಿಲ್ಲ. ಮಾವೊರಿ ವೈದ್ಯರೇ ಆದ ಡೇವಿಡ್ ಟಿಪೆನೆ-ಲೀಚ್ ಮತ್ತು ಅವರ ಜೊತೆಗಾರರು ಬೇಡ ಎನ್ನುವುದನ್ನು ಬಿಟ್ಟು ಬೇರೆ ದಾರಿ ಹುಡುಕಿದರು. 2006ರ ಹೊತ್ತಿಗೆ ಹೆಣೆಯುವ ಕಸುಬಿನ ಹೆಂಗಸರ ಜೊತೆ ಕೂತು ‘ವಹಕುರಾ’ ಎಂಬ ಬುಟ್ಟಿಯನ್ನು ರೂಪಿಸಿದರು. ಅದನ್ನು ಹೆಣೆಯುವುದು ಹರಕೆಕೆ ಎಂಬ ನಾರಿನ ಗಿಡದ ಎಲೆಗಳಿಂದ. (ನಮ್ಮ ಹರಕೆಗೂ ಇದಕ್ಕೂ ನಂಟಿಲ್ಲ.) ತಗ್ಗಾದ ಅಂಚು, ಚಪ್ಪಟೆ ತಳ, ಒಳಗೆ ತೆಳುವಾದ ಒಂದು ಹಾಸು. ಇಡುವುದು ದೊಡ್ಡವರ ಹಾಸಿಗೆಯ ಮೇಲೇ, ತಾಯಿಯ ಪಕ್ಕದಲ್ಲೇ. ಕೈ ಚಾಚಿದರೆ ಮಗು ಸಿಗುತ್ತದೆ. ಆದರೆ ದಿಂಬು ಅದರೊಳಗೆ ನುಗ್ಗುವುದಿಲ್ಲ, ಹೊದಿಕೆ ಏರಿ ಬರುವುದಿಲ್ಲ, ಯಾರ ತೋಳೂ ಮೇಲೆ ಬೀಳುವುದಿಲ್ಲ. ಬುಟ್ಟಿಯ ಜೊತೆಗೇ ನಿಯಮಗಳನ್ನೂ ಬಾಯಿಮಾತಿನಲ್ಲಿ ಕೊಟ್ಟರು: ಅಂಗಾತ ಮಲಗಿಸು, ಮೋರೆ ತೆರೆದಿರಲಿ, ಎದೆಹಾಲು ಕೊಡು, ಹೊಗೆ ಬೇಡ. ಫ್ಲಾರೆನ್ಸಿನ ಬಡಗಿಯ ಬುದ್ಧಿಯೇ ಭೂಮಿಯ ಇನ್ನೊಂದು ತುದಿಯಲ್ಲಿ ಎಲೆಯ ರೂಪದಲ್ಲಿ ಮರುಹುಟ್ಟು ಪಡೆಯಿತು.

2011ರ ಫೆಬ್ರವರಿಯ ಭೂಕಂಪದಲ್ಲಿ ಕ್ರೈಸ್ಟ್‌ಚರ್ಚ್ ನಗರ ನಲುಗಿದಾಗ ಮನೆ ಕಳೆದುಕೊಂಡ ಕುಟುಂಬಗಳು ಸಿಕ್ಕಸಿಕ್ಕಲ್ಲಿ ಒತ್ತೊತ್ತಾಗಿ ಮಲಗಬೇಕಾಯಿತು. ಎಲೆ ಹೆಣೆಯುತ್ತ ಕೂರಲು ಹೊತ್ತಿಲ್ಲ. ಆಗ ಪ್ಲಾಸ್ಟಿಕ್ ಡಬ್ಬಿಗೆ ಹಾಸು ಹೊಂದಿಸಿದ ‘ಪೇಪಿ-ಪಾಡ್’ ಎಂಬುದನ್ನು ಹಂಚಿದರು. ಪೇಪಿ ಎಂದರೆ ಮಾವೊರಿ ನುಡಿಯಲ್ಲಿ ಕೂಸು. ಮುಂದಿನ ಲೆಕ್ಕ ಗಮನಾರ್ಹ. 2009ರಿಂದ 2015ರೊಳಗೆ ಆ ದೇಶದಲ್ಲಿ ಹುಟ್ಟಿದ ಮೊದಲ ವಾರ ದಾಟಿದ ಶಿಶುಗಳ ಮರಣ ಶೇಕಡ 29ರಷ್ಟು ಇಳಿಯಿತು. ಹೆಚ್ಚಿನ ಇಳಿಕೆ ಕಂಡದ್ದು ಮಾವೊರಿ ಮಕ್ಕಳಲ್ಲಿ ಮತ್ತು ಈ ಕಾರ್ಯಕ್ರಮ ಬಿರುಸಾಗಿ ನಡೆದ ಪ್ರದೇಶಗಳಲ್ಲಿ. ಎಲ್ಲ ಕೀರ್ತಿಯೂ ಬುಟ್ಟಿಯದೇ ಎನ್ನಲಾಗದು. ಅದರ ನೆಪದಲ್ಲಿ ಮನೆಮನೆಗೂ ತಲುಪಿದ ಮಾತಿನದೂ ಹೌದು. 2017ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 200 ತಾಯಂದಿರಲ್ಲಿ ಕೆಲವರಿಗೆ ವಹಕುರಾ, ಕೆಲವರಿಗೆ ಪ್ರತ್ಯೇಕ ತೊಟ್ಟಿಲು ಕೊಟ್ಟು ನೋಡಿದರು. ಅಪಾಯದ ನಡವಳಿಕೆಗಳಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಆರು ತಿಂಗಳಲ್ಲೂ ಪೂರ್ತಿ ಎದೆಹಾಲು ಕುಡಿಯುತ್ತಿದ್ದ ಮಕ್ಕಳು ಮಾತ್ರ ಬುಟ್ಟಿಯ ಗುಂಪಿನಲ್ಲಿ ಸುಮಾರು ಎರಡರಷ್ಟಿದ್ದರು.

ಬುಟ್ಟಿಯಿಲ್ಲದ ಹಾಸಿಗೆಯಲ್ಲಿ ರಾತ್ರಿಯಿಡೀ ಏನು ನಡೆಯುತ್ತದೆ? ಅಮೆರಿಕದ ಮಾನವಶಾಸ್ತ್ರಜ್ಞ ಜೇಮ್ಸ್ ಮೆಕೆನ್ನಾ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ಹೆಲನ್ ಬಾಲ್ ತಾಯಿ ಮಗುವನ್ನು ಒಟ್ಟಿಗೆ ಮಲಗಿಸಿ ಕತ್ತಲಲ್ಲೂ ಕಾಣುವ ಕ್ಯಾಮೆರಾಗಳಿಂದ ಗಮನಿಸಿದ್ದಾರೆ. ಎದೆಹಾಲು ಕೊಡುವ ತಾಯಿ ಮಗುವಿನ ಕಡೆ ಮುಖ ಮಾಡಿ ಮಗ್ಗುಲಾಗಿ ಮಲಗುತ್ತಾಳೆ. ತೋಳು ಕೂಸಿನ ತಲೆಯ ಮೇಲ್ಭಾಗದಲ್ಲಿ, ಮಡಿಸಿದ ಮೊಣಕಾಲು ಅದರ ಪಾದದ ಕೆಳಗೆ. ಮಗು ಎದೆಯ ಮಟ್ಟದಲ್ಲಿ, ದಿಂಬಿನಿಂದ ದೂರ. ಯಾರೂ ಹೇಳಿಕೊಡದೆಯೇ ಹೀಗೆ ಒಂದು ಗೂಡು ಕಟ್ಟುತ್ತಾಳೆ. ಮಗು ಮಿಸುಕಿದರೆ ತಾಯಿ ಎಚ್ಚರಾಗುತ್ತಾಳೆ, ತಾಯಿ ಮಿಸುಕಿದರೆ ಮಗು. ಇಬ್ಬರ ನಿದ್ದೆಯೂ ಹಗುರ. ನಮ್ಮ ಅಜ್ಜಿಯಂದಿರು ಬಾಣಂತಿಯ ನಿದ್ದೆಯನ್ನು ಕೋಳಿನಿದ್ದೆ ಎಂದು ಕರೆಯುತ್ತಿದ್ದುದು ಇದಕ್ಕೇ ಇರಬೇಕು. ಬಾಟಲಿ ಹಾಲು ಕುಡಿಯುವ ಮಕ್ಕಳ ತಾಯಂದಿರಲ್ಲಿ ಈ ಭಂಗಿ ಇಷ್ಟು ಖಚಿತವಾಗಿ ಕಾಣುವುದಿಲ್ಲ. ಮಗುವನ್ನು ಮೇಲೆ ಸರಿಸಿ ತಮ್ಮ ಮೋರೆಯ ಮಟ್ಟಕ್ಕೆ, ಅಂದರೆ ದಿಂಬಿನ ಹತ್ತಿರಕ್ಕೆ ತರುವುದುಂಟು.

ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಟ್ಟಣದ ಕುಟುಂಬಗಳನ್ನು ಕುರಿತ ಅಧ್ಯಯನವೊಂದು 2012ರಲ್ಲಿ ಹೊರಬಂತು. ಅಲ್ಲಿ ಪಾಕಿಸ್ತಾನ ಮೂಲದ ಮನೆಗಳು ಬಹಳ. ಬಿಳಿಯರಿಗಿಂತ ಅವರಲ್ಲಿ ಮಗುವಿನೊಂದಿಗೆ ಹಾಸಿಗೆ ಹಂಚಿಕೊಳ್ಳುವುದು ಹೆಚ್ಚು. ಆದರೂ ಬ್ರಿಟನ್ನಿನಲ್ಲಿ ನೆಲೆಸಿದ ದಕ್ಷಿಣ ಏಷ್ಯದವರಲ್ಲಿ ಹಠಾತ್ ಶಿಶುಮರಣ ಕಡಿಮೆ ಎಂಬುದು ಹಿಂದಿನಿಂದಲೂ ಕಂಡ ಸಂಗತಿ. ಕಾರಣಗಳೂ ಅಲ್ಲೇ ಸಿಕ್ಕವು. ಆ ತಾಯಂದಿರು ಸಿಗರೇಟು ಸೇದುವುದಿಲ್ಲ, ಕುಡಿಯುವುದಿಲ್ಲ, ಮಗುವನ್ನು ಎತ್ತಿಕೊಂಡು ಸೋಫಾದ ಮೇಲೆ ನಿದ್ದೆಹೋಗುವುದು ಕಡಿಮೆ, ಮಗುವನ್ನು ಬೇರೆ ಕೋಣೆಯಲ್ಲಿ ಒಂಟಿಯಾಗಿ ಬಿಡುವುದಿಲ್ಲ.

ಹಾಗಾದರೆ ನಿಶ್ಚಿಂತೆಯಿಂದ ಜೊತೆಗೆ ಮಲಗಬಹುದೇ? ಈ ಪ್ರಶ್ನೆಯಲ್ಲಿ ಪಂಡಿತರಲ್ಲೇ ಒಮ್ಮತವಿಲ್ಲ. 2013ರಲ್ಲಿ ಕಾರ್ಪೆಂಟರ್ ಮತ್ತು ಸಂಗಡಿಗರು ಐದು ಅಧ್ಯಯನಗಳನ್ನು ಒಟ್ಟುಗೂಡಿಸಿದರು. ತಂದೆತಾಯಿ ಸೇದದಿದ್ದರೂ ಕುಡಿಯದಿದ್ದರೂ, ಎದೆಹಾಲು ಕುಡಿಯುವ ಮೂರು ತಿಂಗಳೊಳಗಿನ ಮಗುವಿಗೆ ಹಾಸಿಗೆ ಹಂಚಿಕೊಳ್ಳುವುದರಿಂದ ಅಪಾಯ ಐದು ಪಟ್ಟು ಏರುತ್ತದೆ ಎಂದರು. ಮರುವರ್ಷವೇ ಬ್ರಿಸ್ಟಲ್‌ನ ಪೀಟರ್ ಬ್ಲೇರ್ ಮತ್ತು ಸಂಗಡಿಗರು ಬೇರೆಯೇ ಫಲಿತಾಂಶ ತಂದರು. ಸೋಫಾದ ಮೇಲೆ ಮಗುವಿನೊಂದಿಗೆ ನಿದ್ದೆಹೋದರೆ ಅಪಾಯ ಸುಮಾರು 18 ಪಟ್ಟು. ಕುಡಿದು ಪಕ್ಕದಲ್ಲಿ ಮಲಗಿದರೂ ಅಷ್ಟೇ. ಸೇದುವವರ ಪಕ್ಕದಲ್ಲಿ ಮೂರು ತಿಂಗಳೊಳಗಿನ ಕೂಸಿಗೆ ಸುಮಾರು ಒಂಬತ್ತು ಪಟ್ಟು. ಇವು ಯಾವುವೂ ಇಲ್ಲದ ಹಾಸಿಗೆಯಲ್ಲಿ ಗಮನಿಸುವಂಥ ಹೆಚ್ಚಳ ಕಾಣಲಿಲ್ಲ. ‘ಪಟ್ಟು’ ಎಂಬ ಮಾತಿಗೆ ಗಾಬರಿಯಾಗುವ ಮುನ್ನ ಮೂಲ ಸಂಖ್ಯೆಯನ್ನೂ ನೋಡಬೇಕು. ಕಾರ್ಪೆಂಟರ್ ಅವರದೇ ಅಂದಾಜಿನಲ್ಲಿ, ಬೇರೆ ಅಪಾಯಗಳಿಲ್ಲದ ಮನೆಯಲ್ಲಿ ಪ್ರತ್ಯೇಕ ಮಲಗುವ ಒಂದು ಲಕ್ಷ ಮಕ್ಕಳಲ್ಲಿ ಎಂಟು, ಜೊತೆಗೆ ಮಲಗುವವರಲ್ಲಿ ಇಪ್ಪತ್ತಮೂರು. ಚಿಕ್ಕ ಸಂಖ್ಯೆ ನಿಜ. ಆದರೆ ಮಗು ಕಳೆದುಕೊಂಡವರಿಗೆ ಅದು ಒಂದಕ್ಕೆ ಒಂದು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲೂ ತನ್ನ ಮಾತು ಬದಲಿಸಲಿಲ್ಲ. ಕನಿಷ್ಠ ಆರು ತಿಂಗಳು ಮಗು ತಂದೆತಾಯಿಯ ಕೋಣೆಯಲ್ಲಿ, ಆದರೆ ಬೇರೆ ಹಾಸಿಗೆಯಲ್ಲಿ ಇರಲಿ ಎಂಬುದೇ ಅದರ ಸಲಹೆ. ಎದೆಹಾಲಿನ ವಿಷಯದ ವೈದ್ಯರ ಅಂತರರಾಷ್ಟ್ರೀಯ ಸಂಘ 2020ರಲ್ಲಿ, ಅಪಾಯದ ಸಂಗತಿಗಳಿಲ್ಲದಿದ್ದರೆ ಹಾಲೂಡಿಸುವ ತಾಯಿಯನ್ನು ತಡೆಯಬೇಕಿಲ್ಲ ಎಂದಿತು. ಇಬ್ಬರೂ ಒಪ್ಪುವ ಮಾತೂ ಒಂದಿದೆ. ನಡುರಾತ್ರಿ ಹಾಲು ಕೊಡುತ್ತ ತೂಕಡಿಕೆ ಬರಬಹುದೆಂದಿದ್ದರೆ ಸೋಫಾಕ್ಕಿಂತ, ಆರಾಮಕುರ್ಚಿಗಿಂತ ಹಾಸಿಗೆಯೇ ಮೇಲು. ಹಾಸಿಗೆಗೆ ಮಗು ತರಬಾರದೆಂದು ಹೆದರಿ ಹಜಾರದ ಸೋಫಾದಲ್ಲಿ ಕೂತ ತಾಯಿ ಅಲ್ಲೇ ಕಣ್ಣು ಮುಚ್ಚಿದರೆ, ಕಡಿಮೆ ಅಪಾಯದಿಂದ ತಪ್ಪಿಸಿಕೊಳ್ಳಲು ಹೋಗಿ ಹೆಚ್ಚಿನದಕ್ಕೆ ಬಿದ್ದಂತೆ. ಮೆತ್ತೆ ಮತ್ತು ಬೆನ್ನೊರಗಿನ ನಡುವಿನ ಸಂದಿಯೇ ಅಲ್ಲಿಯ ಬಲೆ.

ಇನ್ನು ನಮ್ಮ ಮನೆಗಳ ಮಾತು. ನಮ್ಮಲ್ಲಿ ತೊಟ್ಟಿಲು ಹಗಲಿನದು, ಮಗ್ಗುಲು ರಾತ್ರಿಯದು. ಅದ್ದೂರಿಯಾಗಿ ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮಗು ಕೂಡ ದೀಪ ಆರಿದ ಮೇಲೆ ತಾಯಿಯ ಪಕ್ಕದಲ್ಲೇ ಇರುತ್ತಿತ್ತು. ಆ ಹಾಸಿಗೆ ಯಾವುದು? ನೆಲದ ಮೇಲೆ ಚಾಪೆ, ಅದರ ಮೇಲೆ ಜಮಖಾನ ಅಥವಾ ಕೌದಿ, ಮಗುವಿನಡಿಗೆ ಮಡಿಸಿದ ಹಳೆಯ ಸೀರೆ. ಗಟ್ಟಿ, ತೆಳು. ಬಿದ್ದರೆ ಬೀಳುವುದಕ್ಕೆ ಎತ್ತರವಿಲ್ಲ, ಸಿಕ್ಕಿಕೊಳ್ಳುವುದಕ್ಕೆ ಸಂದಿಯಿಲ್ಲ. ಬಾಣಂತಿ ಕೋಣೆಯಲ್ಲಿ ಗಂಡನಿಗೆ ಪ್ರವೇಶವಿಲ್ಲ. ಪಕ್ಕದಲ್ಲಿ ತವರಿನ ತಾಯಿಯೋ ಅಜ್ಜಿಯೋ ಒಂದು ಕಣ್ಣು ತೆರೆದೇ ಮಲಗಿರುತ್ತಿದ್ದರು. ನೆಲದ ಮೇಲೆ ತೆಳು ಹಾಸು ಹಾಸಿ ಮಗುವನ್ನು ನಡುವೆ ಮಲಗಿಸಿಕೊಳ್ಳುವ ಜಪಾನೀಯರು ಇದನ್ನು ‘ನದಿ’ ಎಂಬ ತಮ್ಮ ಅಕ್ಷರಕ್ಕೆ ಹೋಲಿಸುತ್ತಾರೆ. ಎರಡು ಉದ್ದ ಗೆರೆಗಳ ನಡುವೆ ಒಂದು ಪುಟ್ಟ ಗೆರೆ. ಅವರಲ್ಲೂ ಹಠಾತ್ ಶಿಶುಮರಣ ಕಡಿಮೆ.

ಈಗ ಚಾಪೆಯ ಜಾಗಕ್ಕೆ ಎತ್ತರದ ಮಂಚ ಬಂದಿದೆ. ಅದರ ಮೇಲೆ ಒತ್ತಿದರೆ ಕುಸಿಯುವ ಫೋಮ್ ಹಾಸಿಗೆ, ನಾಲ್ಕಾರು ದಿಂಬು, ದಪ್ಪನೆಯ ರಗ್ಗು, ಏಸಿ ಯಂತ್ರ. ಮೆತ್ತನೆಯ ಹಾಸಿಗೆಯಲ್ಲಿ ದೊಡ್ಡವರ ಭಾರಕ್ಕೆ ಹಳ್ಳವಾಗುತ್ತದೆ. ಕೂಸು ಆ ಇಳಿಜಾರಿಗೆ ಉರುಳಿ ಮೈಗೆ ಮೂಗು ಒತ್ತಿಕೊಳ್ಳುತ್ತದೆ. ಮಂಚವನ್ನು ಗೋಡೆಗೆ ಒತ್ತಿಸಿದರೆ ಬೀಳುವುದಿಲ್ಲ ಎಂದು ನಂಬಿದವರುಂಟು. ಹಾಸಿಗೆಗೂ ಗೋಡೆಗೂ ನಡುವಿನ ನಾಲ್ಕು ಬೆರಳಿನ ಸಂದಿ ಬೀಳುವುದಕ್ಕಿಂತ ಕೆಟ್ಟದ್ದು. ಹಳೆಯದು ಸುರಕ್ಷಿತವಾಗಿತ್ತು ಎಂದಮಾತ್ರಕ್ಕೆ ಹೊಸ ಹಾಸಿಗೆಯಲ್ಲೂ ಅದೇ ರೂಢಿ ಸುರಕ್ಷಿತ ಎಂದುಕೊಳ್ಳುವಂತಿಲ್ಲ. ಹಳೆಯದೆಲ್ಲವೂ ಒಳ್ಳೆಯದಾಗಿತ್ತು ಎಂದೂ ಅಲ್ಲ. ಕಿಟಕಿ ಮುಚ್ಚಿದ ಬಾಣಂತಿ ಕೋಣೆಯ ಅಗ್ಗಿಷ್ಟಿಕೆಯ ಇದ್ದಿಲು ಬಣ್ಣ ವಾಸನೆಯಿಲ್ಲದ ವಿಷದ ಗಾಳಿ ಬಿಡುತ್ತದೆ. ತಲೆ ಗುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಕಣ್ಣಿಗೆ ಜಾರುವ ಕುಲಾವಿ, ಸೆಕೆಯಲ್ಲೂ ಸುತ್ತುವ ಉಲ್ಲನ್ ಬಟ್ಟೆ ಮಲಗಿದ ಕೂಸಿಗೆ ಬೇಡ. ನಮ್ಮಲ್ಲಿ ಇಂಥ ಸಾವು ಕಡಿಮೆ ಎಂದು ಬೀಗುವವರು ಇನ್ನೊಂದನ್ನೂ ನೆನೆಯಬೇಕು. ಮನೆಯಲ್ಲಿ ತೀರಿಕೊಂಡ ಹಸುಗೂಸಿಗೆ ನಮ್ಮಲ್ಲಿ ಶವಪರೀಕ್ಷೆ ನಡೆಯುವುದೇ ಅಪರೂಪ. ದೃಷ್ಟಿಯಾಯಿತು, ಬಾಲಗ್ರಹವಾಯಿತು ಎಂದು ಮಣ್ಣು ಮಾಡಿದ ಮೇಲೆ ಲೆಕ್ಕ ಎಲ್ಲಿಂದ ಬರಬೇಕು?

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗು ದೊಡ್ಡವರ ಹಾಸಿಗೆಯಲ್ಲಿ ಮಲಗಲೇಬಾರದು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದ ಕೊನೆಯಲ್ಲಿ ಶುರುವಾಗಿ, ನಮ್ಮ ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳವರೆಗೂ ಬಂದ ‘ಕಾಂಗರೂ ಆರೈಕೆ’ ಬೇರೆಯದೇ. ಅಲ್ಲಿ ಪುಟ್ಟ ಕೂಸನ್ನು ಎದೆಗೆ ನೆಟ್ಟಗೆ ಕಟ್ಟಿ, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ತಾಯಿ ಒರಗಿ ಕೂರುತ್ತಾಳೆ. ಅದು ಜೀವ ಉಳಿಸುವ ವಿಧಾನ. ಅದನ್ನೇ ನೆಪಮಾಡಿ ಮಗುವನ್ನು ಪಕ್ಕಕ್ಕೆ ಹಾಕಿಕೊಂಡು ರಗ್ಗು ಹೊದೆಯುವುದು ಸಲ್ಲದು. ನಿದ್ದೆಯ ಮಾತ್ರೆ ನುಂಗಿದವರು, ಮಂಪರು ತರಿಸುವ ಕೆಮ್ಮಿನ ಔಷಧಿ ಕುಡಿದವರು, ಬೀಡಿ ಸಿಗರೇಟಿನವರು, ಕುಡಿದು ಬಂದವರು ಆ ರಾತ್ರಿ ಬೇರೆ ಹಾಸಿಗೆ ನೋಡಿಕೊಳ್ಳಬೇಕು. ದೊಡ್ಡ ಮಗುವನ್ನು ಕೂಸಿನ ಪಕ್ಕದಲ್ಲಿ ಮಲಗಿಸದೆ ತಾಯಿಯ ಇನ್ನೊಂದು ಮಗ್ಗುಲಿಗೆ ಹಾಕುವುದು ಒಳ್ಳೆಯದು. ತಾಯಿ ಉದ್ದ ಜಡೆಯನ್ನು ಕಟ್ಟಿಕೊಳ್ಳಲಿ, ಸೆರಗನ್ನು ಸಿಕ್ಕಿಸಿಕೊಳ್ಳಲಿ, ಹೊದಿಕೆ ತನ್ನ ಸೊಂಟದ ಮೇಲಕ್ಕೆ ಬರದಂತೆ ನೋಡಿಕೊಳ್ಳಲಿ. ಹಾಲು ಕುಡಿದು ಮುಗಿದ ಮಗುವನ್ನು ಅಂಗಾತ ಮಾಡಲಿ. ಸಾಧ್ಯವಿದ್ದರೆ ಮೊದಲ ಆರು ತಿಂಗಳು ಮಂಚ ಬಿಟ್ಟು ನೆಲಕ್ಕೇ ಇಳಿಯುವುದರಲ್ಲಿ ನಾಚಿಕೆಯೇನಿಲ್ಲ.

ಹುಟ್ಟಿದ ಕೂಸನ್ನು ಮೊದಲು ಮೊರದಲ್ಲಿ ಮಲಗಿಸುವ ರೂಢಿ ನಮ್ಮ ಅನೇಕ ಕಡೆ ಇತ್ತು. ಬಿದಿರ ತೊಟ್ಟಿಲನ್ನು ಹೆಣೆಯುವ ಮೇದರು ಇಂದಿಗೂ ಇದ್ದಾರೆ. ಎರಡೂಕಾಲು ಅಡಿ ಉದ್ದ, ಅದರರ್ಧ ಅಗಲ, ಗೇಣಿಗಿಂತ ತಗ್ಗಾದ ಅಂಚು, ಚಪ್ಪಟೆ ತಳ. ಸಿಬಿರು ಏಳದಂತೆ ಅಂಚಿಗೆ ಬಟ್ಟೆ ಹೊಲಿದು, ಒಳಗೆ ಅಳತೆಗೆ ಸರಿಯಾಗಿ ಕೂರುವ ತೆಳು ಹಾಸು. ಇಷ್ಟನ್ನು ಹೇಳಿದರೆ ಒಂದೆರಡು ದಿನದಲ್ಲಿ ಮಾಡಿಕೊಡಬಲ್ಲರು. ಕೂಸು ತಾನಾಗಿ ಮಗುಚಿಕೊಳ್ಳಲು ಕಲಿಯುವವರೆಗೆ, ಅಂದರೆ ನಾಲ್ಕೈದು ತಿಂಗಳು, ಅದು ಹಾಸಿಗೆಯ ಮೇಲೆ ತಾಯಿಯ ಕೈಗೆಟುಕುವಲ್ಲಿ ಇರಬಹುದು. ಆಮೇಲೆ ಅದು ಆ ಮಗುವಿಗೆ ಸಾಲದು. ಮನೆಯಲ್ಲಿ ಮುಂದಿನ ಬಾಣಂತಿ ಬರುವವರೆಗೆ ಅಟ್ಟಕ್ಕೆ ಹೋಗಬೇಕು.